ಊಟದ ಹೊತ್ತಿನ ವಿಪಿಎನ್

ಮಾನ್ವಿಯಿಂದ ಪೋತ್ನಾಳದ ಕಡೆ ಹೋಗುವ ರಸ್ತೆಯ ಅಕ್ಕಿ ಗಿರಣಿಗೆ ಕಂಪ್ಯೂಟರ್ ರಿಪೇರಿಯವನಾದ ನನ್ನನ್ನು ಕರೆಸಿದ್ದು ಒಂದು ಸಣ್ಣ ಕೆಲಸಕ್ಕೆ. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಗಿರಣಿಯ ಮಾಲೀಕರು ಇರುವುದು ರಾಯಚೂರಿನಲ್ಲಿ. ಲಾರಿಗಳ ತೂಕ, ಕ್ಯಾಮೆರಾಗಳ ಚಿತ್ರ ಎಲ್ಲವೂ ಗಿರಣಿಯ ಲಿನಕ್ಸ್ ಕಂಪ್ಯೂಟರಿನಿಂದ ಅವರ ಫೋನಿಗೆ ಹೋಗಬೇಕು. ಹೊರಗಿನವರ ಕಣ್ಣಿಗೆ ಬೀಳದಂತೆ ಅವನ್ನು ಸಾಗಿಸುವ ಖಾಸಗಿ ದಾರಿಯೇ ವಿಪಿಎನ್. ಆ ದಾರಿ ದಿನಾ ಮಧ್ಯಾಹ್ನ ಮುಚ್ಚಿಹೋಗುತ್ತಿತ್ತು.

“ಯಾರೋ ಬೇಕಂತನ ಬಂದ್ ಮಾಡಾಕತ್ತಾರ. ಯಾರೂ ಮುಟ್ಟದಂಗ ಅದು ತಾನಾ ಚಾಲೂ ಆಗಬೇಕು ನೋಡು,” ಎಂದು ಫೋನಿನಲ್ಲಿ ಮಾಲೀಕರ ಹುಕುಂ ಬಂತು.

ಹೋಗಿ ನೋಡಿದರೆ ಪಿತೂರಿಯೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಗುಮಾಸ್ತರ ಕೋಣೆಯಲ್ಲಿ ಇದ್ದದ್ದು ಒಂದೇ ಪ್ಲಗ್ಗು. ಅಕ್ಕಿ ಹಸನು ಮಾಡುವ ಹೆಂಗಸರು ಊಟಕ್ಕೆ ಕೂರುವ ಪಡಸಾಲೆ ಕಿಟಕಿಯ ಆಚೆಗೇ. ಅವರಲ್ಲೊಬ್ಬಳು ಬಾಣಂತನ ಮುಗಿಸಿ ಬಂದವಳು. ಕಂಬಗಳಿಗೆ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸುತ್ತಿದ್ದಳು. ನಮ್ಮ ಸೀಮೆಯ ಬಿಸಿಲು ಕೇಳಬೇಕೆ? ಊಟದ ಹೊತ್ತಿಗೆ ಕಂಪ್ಯೂಟರಿನ ವೈರು ಕಿತ್ತು ಕೂಸಿಗೆ ಫ್ಯಾನು ಹಚ್ಚುತ್ತಿದ್ದಳು, ಆಮೇಲೆ ಮರಳಿ ಸಿಗಿಸುತ್ತಿದ್ದಳು. ಕಂಪ್ಯೂಟರೇನೋ ಎದ್ದು ಕೂರುತ್ತಿತ್ತು. ವಿಪಿಎನ್ನನ್ನು ಮಾತ್ರ ಯಾರಾದರೂ ಕೀಲಿಮಣೆ ಕುಟ್ಟಿ ಎಬ್ಬಿಸಬೇಕಿತ್ತು. ಗುಮಾಸ್ತರಿಗೆ ಅದು ಬಾರದು; ಸಂಜೆ ಬಲ್ಲವರೊಬ್ಬರು ಬಂದು ಎಬ್ಬಿಸುವ ತನಕ ದಾರಿ ಬಂದ್.

ಕಂಪ್ಯೂಟರು ಏಳುತ್ತಲೇ ವಿಪಿಎನ್ನೂ ಏಳುವಂತೆ ಮಾಡಿದೆ. ನೆಟ್ ಸಿಗುವ ತನಕ ಕಾದು ಆಮೇಲೆ ಶುರುವಾಗಲಿ ಎಂದೂ ಕಂಪ್ಯೂಟರಿಗೆ ಆದೇಶ ಬರೆದೆ. ಬಂದ್ ಮಾಡಿ, ಮತ್ತೆ ಹಚ್ಚಿ ನೋಡಿದೆ. ಯಾರ ಹಂಗೂ ಇಲ್ಲದೆ ಶುರುವಾಯಿತು. ಫ್ಯಾನಿಗೆ ಬೇರೆ ಜಾಗವಿರಲೆಂದು ನನ್ನ ಚೀಲದಲ್ಲಿದ್ದ ಎಕ್ಸ್‌ಟೆನ್ಷನ್ ಬೋರ್ಡನ್ನೂ ಹಾಕಿಕೊಟ್ಟೆ. ಎಲ್ಲರಿಗೂ ಒಳ್ಳೆಯದಾಯಿತು ಅಂದುಕೊಂಡು ಚಹಾ ಕುಡಿಯುತ್ತಾ ಕೂತೆ.

ಊಟದ ಹೊತ್ತಿಗೆ ಮತ್ತೆ ಮಾಲೀಕರ ಫೋನು.

“ಈಗ ಕಾಣಾಕತ್ತದ ನೋಡು! ಒಬ್ಬಾಕಿ ಕೂಸಿಗೆ ಮೊಲಿ ಕುಡಸ್ಕೋಂತ ಕುಂತಾಳ, ಉಳಿದವ್ರು ಕಾಲು ಚಾಚಿ ಬಿದ್ದಾರ. ಕೂಲಿ ಕೊಡಾದು ಇದಕ್ಕೇನು? ಆ ಕೂಸಿನಾಕಿಗೆ ನಾಳಿಂದ ಬರಬ್ಯಾಡ ಅಂತ ಹೇಳು.”

ತಲೆಯೆತ್ತಿ ಕಿಟಕಿಯಾಚೆ ನೋಡಿದೆ. ಪಡಸಾಲೆಯ ಮೂಲೆಯಲ್ಲಿ ಕ್ಯಾಮೆರಾ. ಅದು ಅಕ್ಕಿ ಚೀಲ ಕದಿಯುವವರಿಗಾಗಿ ಅಂತ ಹೆಂಗಸರಿಗೆ ಹೇಳಿದ್ದರಂತೆ. ಅಲ್ಲಿ ಒಂದು ಚೀಲವೂ ಇರಲಿಲ್ಲ. ವೈರು ಕಿತ್ತಾಗ ಇಷ್ಟು ದಿನ ಅವರಿಗೆ ಗಾಳಿಯ ಜೊತೆ ಮರೆಯೂ ಸಿಕ್ಕಿತ್ತು. ಒಳ್ಳೆಯದು ಮಾಡಲು ಹೋಗಿ ಆ ಮರೆಯನ್ನು ನಾನೇ ಕಿತ್ತುಕೊಂಡಿದ್ದೆ. ದೇವದುರ್ಗದ ಹತ್ತಿ ಗಿರಣಿಯಲ್ಲಿ ನನ್ನವ್ವ ನನ್ನನ್ನು ಹೀಗೇ ಜೋಲಿಯಲ್ಲಿ ಮಲಗಿಸಿ ದುಡಿದವಳು. ಆಗ ಕದ್ದು ನೋಡುವವನು ಗೋಡೆಯಾದರೂ ಹತ್ತಬೇಕಿತ್ತು. ಈಗ ಸೋಫಾದ ಮೇಲೆ ಕೂತರೆ ಸಾಕು, ಥೂ!

“ಸಾವ್ಕಾರ್ರ, ಊಟದ ಹೊತ್ತು ಅವರದ್ರಿ. ಆಕಿನ್ನ ಬಿಡಿಸಿದ್ರ, ಹಾಲು ಕುಡಸೋ ತಾಯಿನ್ನ ನೀವು ಮನ್ಯಾಗ ಕುಂತು ನೋಡಿದ್ದು ಮಾನ್ವಿ ತುಂಬ ಹೇಳ್ತೀನಿ,” ಎಂದೆ. ಆ ಕಡೆ ಫೋನು ಕಟ್ಟಾಯಿತು.

ಕೂಸಿನ ತಾಯಿಗೆ ನನ್ನ ಮಾತೆಲ್ಲ ಕೇಳಿಸಿತ್ತು. ಸೆರಗು ಬಿಗಿದುಕೊಂಡು ಗೋಡೆಗೆ ಮುಖ ಮಾಡಿ ಕೂತಿದ್ದಳು. ತಿರುಗದೆಯೇ ಕೇಳಿದಳು:

“ಯಣ್ಣಾ, ತಾನಾ ಚಾಲೂ ಆಗಂಗ ಮಾಡಿದ್ಯಲ್ಲ. ತಾನಾ ಬಂದ್ ಆಗಂಗ ಮಾಡಾಕ ಬರಂಗಿಲ್ಲೇನು?”

ಬರುತ್ತದೆ, ಯಾಕೆ ಬರುವುದಿಲ್ಲ! ಕ್ಯಾಮೆರಾ ಕಿತ್ತರೆ ಮರುದಿನ ಇನ್ನೊಂದು ಬಡಿಯುತ್ತಾರೆ. ಅದಕ್ಕೇ ಮತ್ತೆ ಕಂಪ್ಯೂಟರಿನ ಮುಂದೆ ಕೂತೆ. ಊಟದ ಹೊತ್ತು ಶುರುವಾದೊಡನೆ ವಿಪಿಎನ್ ತಾನೇ ನಿಲ್ಲಬೇಕು, ಹೆಂಗಸರು ಕೈ ತೊಳೆದು ಕೆಲಸಕ್ಕೆ ಎದ್ದ ಮೇಲೆ ತಾನೇ ಶುರುವಾಗಬೇಕು ಎಂದು ಬರೆದು ಬಂದೆ.

ಮರುದಿನ ಆಕೆ ಕೂಸಿನೊಂದಿಗೆ ಕೆಲಸಕ್ಕೆ ಬಂದಿದ್ದಾಳೆ ಎಂದು ಗುಮಾಸ್ತರು ತಿಳಿಸಿದರು. ಮಧ್ಯಾಹ್ನ ಮಾಲೀಕರದೇ ಫೋನು.

“ಏನೋ, ಮತ್ತ ಕೆಟ್ಟದಲ್ಲೋ ಅದು?”

“ಕೆಟ್ಟಿಲ್ರೀ,” ಎಂದೆ. “ಊಟಕ್ಕ ಹೋಗ್ಯಾದ.”