ಖಾಲಿ ಬಿಟ್ಟ ಕಾಲಂ

ಹಳೆಯ ವಿಮೆಯಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ. ವಿಶ್ವವಿದ್ಯಾಲಯದ ಗುರುತಿನ ಚೀಟಿ ತೋರಿಸಿದರೆ ಆಸ್ಪತ್ರೆಯಲ್ಲಿ ಸೇರಿಸಿಕೊಳ್ಳುತ್ತಿದ್ದರು. ನಾನು ಪಿಎಚ್‌ಡಿಯ ಎರಡನೇ ವರ್ಷಕ್ಕೆ ಬಂದಾಗ ಯೋಜನೆ ಬದಲಾಯಿತು. ಹೊಸ ಫಾರ್ಮಿನಲ್ಲಿ ‘ಮೊದಲಿನಿಂದ ಇರುವ ಕಾಯಿಲೆ’ ಎಂದೊಂದು ಕಾಲಂ. ಬರೆದರೆ ಅದಕ್ಕೂ ವಿಮೆ, ಮುಚ್ಚಿಟ್ಟರೆ ಇಲ್ಲ.

ನನಗೆ ಒಂಬತ್ತನೇ ವಯಸ್ಸಿನಿಂದ ಮೂರ್ಛೆರೋಗ. ಮನೆಯಲ್ಲಿ ಅದಕ್ಕೆ ಹೆಸರೇ ಇರಲಿಲ್ಲ. ಮಾತ್ರೆಗೆ ಅವ್ವ ‘ಶಕ್ತಿ ಗುಳಿಗಿ’ ಅನ್ನುತ್ತಿದ್ದಳು. ಕಲಬುರಗಿ ಕಡೆಯಿಂದ ತೆಲುಗು ಸೀಮೆಗೆ ಬಂದು ಜೀಡಿಮೆಟ್ಲಾದ ಕಾರ್ಖಾನೆಗಳ ನಡುವೆ ನೆಲೆಸಿದ ನಮ್ಮಂಥ ಮನೆಗಳು ನಾಲ್ಕಾರು. ನಮ್ಮ ಸಾರಿಗೆ ಉಪ್ಪು ಹೆಚ್ಚಾದರೂ ಊರಿಗೆ ಸುದ್ದಿ ಮುಟ್ಟುತ್ತಿತ್ತು. ಆಗ ನನಗೆ ಊರ ಕಡೆಯದೇ ಒಂದು ಸಂಬಂಧ ನೋಡುತ್ತಿದ್ದರು.

“ಬರೀಬ್ಯಾಡ,” ಅಂದಳು ಅವ್ವ. “ಫಾರಮ್ ತಗೊಳ್ಳಾಕಿ ನಮ್ಮ ಕಡೀದಾಕಿ ಅದಾಳಂತ. ತೆಲುಗರಾಗಿದ್ರ ಬ್ಯಾರೆ ಮಾತು.”

ಕಾಲಂ ಖಾಲಿ ಬಿಟ್ಟು ಕೊಟ್ಟೆ. ಕಿಟಕಿಯ ಹಿಂದಿದ್ದ ಗುಮಾಸ್ತೆ ನನ್ನ ಮಾತು ಕೇಳಿ ನಕ್ಕರು. “ಕಲಬುರ್ಗಿಯವ್ರೇನವಾ? ನಮ್ಮಾಕಿ ಅಂತ ಕೇಳಾಕತ್ತೀನಿ. ಏನರ ಇದ್ರ ಈಗ ಹೇಳು, ಆಮ್ಯಾಲ ನನ್ನ ಕೈಯಾಗ ಇರೂದಿಲ್ಲ.”

“ಏನೂ ಇಲ್ರೀ.”

“ಖರೇನ?”

“ಖರೇನ್ರೀ.”

ಅಂಥ ಕಕ್ಕುಲಾತಿಯ ಹೆಂಗಸಿನ ಮುಖ ನೋಡಿಕೊಂಡೇ ಸುಳ್ಳು ಹೇಳಿದೆನಲ್ಲ, ನನ್ನ ಬಾಯಿಗಿಷ್ಟು ಬೆಂಕಿ ಹಾಕ!

ಮೂರು ತಿಂಗಳಿಗೆ ಗ್ರಂಥಾಲಯದ ಮೆಟ್ಟಿಲ ಮೇಲೆ ಬಿದ್ದೆ. ಎಚ್ಚರವಾದಾಗ ಆಸ್ಪತ್ರೆಯಲ್ಲಿದ್ದೆ. ಇದು ಮಾತ್ರೆಗೆ ಬಗ್ಗುತ್ತಿಲ್ಲ, ಆಪರೇಷನ್ ಮಾಡಿದರೆ ನಿಲ್ಲಬಹುದು ಎಂದರು ವೈದ್ಯರು. ನಿಲ್ಲಬಹುದು! ಹದಿನೇಳು ವರ್ಷಗಳಲ್ಲಿ ಯಾರೂ ಆ ಮಾತು ಆಡಿರಲಿಲ್ಲ. ವಿಮೆಯವರು ನನ್ನ ಹಳೆಯ ಔಷಧಿ ಚೀಟಿಗಳನ್ನು ನೋಡಿ, ರೋಗ ಮುಚ್ಚಿಟ್ಟಿದ್ದೀರಿ ಎಂದು ಕೈ ತೊಳೆದುಕೊಂಡರು. ಫ್ಯಾಕ್ಟರಿಯಲ್ಲಿ ದುಡಿಯುವ ಅಪ್ಪನ ಕೈಗೆ ಎಟುಕುವ ಖರ್ಚಾಗಿರಲಿಲ್ಲ ಅದು.

ಅವ್ವ ನನ್ನನ್ನು ಕರೆದುಕೊಂಡು ಅದೇ ಕಿಟಕಿಗೆ ಹೋದಳು. ಹಿಂದೆ ಉದ್ದನೆಯ ಸಾಲು. “ನನ್ನ ಮಗಳಿಗೆ ಒಂಬತ್ತು ವರ್ಷದಾಕಿ ಇದ್ದಾಗಿಂದ ಫಿಟ್ಸ್ ಬರ್ತಾವ್ರೀ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಆ ಪದವನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. “ಈಗ ಬರಕೋರಿ. ಕೈ ಮುಗೀತೀನಿ.”

ಗುಮಾಸ್ತೆ ಕಿಟಕಿಯಿಂದ ಕೈ ಚಾಚಿ ಅವ್ವನ ಕೈ ಹಿಡಿದುಕೊಂಡರು. “ಎರಡ ಸಲ ಕೇಳಿದ್ನೆಲ್ರಿ ಅಕ್ಕಾರ. ಒಮ್ಮೆ ಮುಚ್ಚಿಟ್ರ ಮುಂದಿನ ವರ್ಷಾನೂ ಹೆಸರು ತಗೊಳ್ಳೂದಿಲ್ಲ ವಿಮಾದವರು.” ಅವರ ಕಣ್ಣೂ ತುಂಬಿತ್ತು.

ಬಸ್‌ ಸ್ಟಾಪಿನಲ್ಲಿ ಅವ್ವ ನನ್ನ ತೋಳು ಹಿಡಿದು, ಯಾರಾದರೂ ಕೇಳಿಸಿಕೊಂಡಾರೆಂದು ಅತ್ತಿತ್ತ ನೋಡಿ, ಮೆಲ್ಲಗೆ ಕೇಳಿದಳು: “ಆಕಿ ಊರಾಗ ಯಾರ ಮುಂದೂ ಹೇಳೂದಿಲ್ಲ, ಹೌದಿಲ್ಲ?”

ನನಗೆ ಮೈಯೆಲ್ಲ ಉರಿಯಿತು. ಹೇಳಲಿ ಬಿಡವ್ವಾ, ಊರಿಗೆಲ್ಲ ಹೇಳಲಿ ಎಂದು ಕಿರುಚಬೇಕೆನಿಸಿತು.

“ಇಲ್ಲವ್ವಾ, ಹೇಳೂದಿಲ್ಲ,” ಎಂದು ಅವಳನ್ನು ಬಸ್ಸು ಹತ್ತಿಸಿದೆ.