ಕೊನೆಯ ಹತ್ತು ನಿಮಿಷದ ಪ್ರೇಕ್ಷಕಿ

ಬೀದಿದೀಪಗಳು ಇನ್ನೂ ಆರಿಲ್ಲ. ಚಿತ್ರಮಂದಿರದ ಪಕ್ಕದ ಬಾಗಿಲು ಕಿರುಗುಟ್ಟುತ್ತದೆ. ಪೊರಕೆ, ಬಕೆಟ್ಟು, ಒದ್ದೆ ಬಟ್ಟೆ ಹಿಡಿದು ಒಳಗೆ ಬಂದ ಅಕ್ಕ ಹಿಂದಿನ ಸಾಲಿನಿಂದ ಕೆಲಸ ಶುರು ಮಾಡುತ್ತಾರೆ. ಮಡಚಿದ ಸೀಟುಗಳನ್ನು ಒಂದೊಂದಾಗಿ ಇಳಿಸಿ, ಸಂದಿಯಲ್ಲಿ ಕೈಯಾಡಿಸಿ, ಬಗ್ಗಿ ಗುಡಿಸುತ್ತಾರೆ. ಒಂಟಿ ಕಿವಿಯೋಲೆ, ಮಗುವಿನ ಕಾಲುಚೀಲ, ಅರ್ಧ ಕಚ್ಚಿದ ಬಿಸ್ಕತ್ತು. ಬೀಗದ ಕೈ ಸಿಕ್ಕರೆ ಮಾತ್ರ ಹಣೆ ಚಚ್ಚಿಕೊಳ್ಳುತ್ತಾರೆ. "ಅಯ್ಯೋ ದೇವರೇ, ಇದನ್ನ ಬಿಟ್ಟು ಹೋದೋರು ರಾತ್ರಿ ಎಲ್ಲಿ ಮಲಗಿದ್ರೋ!"

ಇಲ್ಲಿ ಎಲ್ಲರೂ ಅವರನ್ನು ಕರೆಯುವುದು 'ಕ್ಲೈಮ್ಯಾಕ್ಸ್ ಅಕ್ಕ' ಎಂದು. ಹೆಸರಿಟ್ಟವನು ಟಿಕೆಟ್ ಹರಿಯುವ ಗೇಟಿನವನು. ಅದರಲ್ಲಿ ಸುಳ್ಳೇನಿಲ್ಲ. ದಿನಕ್ಕೆ ನಾಲ್ಕು ಆಟ. ಆಟ ನಡೆಯುವಾಗ ಅಕ್ಕನಿಗೆ ಶೌಚಾಲಯ, ಮೊಗಸಾಲೆ, ಬಾಲ್ಕನಿಯ ಮೆಟ್ಟಿಲು ತೊಳೆಯುವ ಕೆಲಸ. ಮುಗಿಯಲು ಹತ್ತು ನಿಮಿಷ ಇರುವಾಗ ಪೊರಕೆ ಹಿಡಿದು ಪಕ್ಕದ ಪರದೆಯ ಹಿಂದೆ ನಿಲ್ಲಬೇಕು. ದೀಪ ಹತ್ತಿತೋ, ನುಗ್ಗಬೇಕು. ಹೀಗಾಗಿ ಹನ್ನೆರಡು ವರ್ಷಗಳಿಂದ ಬಂದ ಸಿನಿಮಾಗಳ ಕೊನೆಯನ್ನೆಲ್ಲ ಅವರು ಕಂಡಿದ್ದಾರೆ, ಕಳೆದ ತಿಂಗಳವರೆಗೆ ಒಂದರ ಮೊದಲನ್ನೂ ಕಂಡಿರಲಿಲ್ಲ. ರಜೆಯ ದಿನ ಬಂದು ನೋಡಬಹುದಲ್ಲ ಎಂದರೆ ಗದರುತ್ತಾರೆ. "ರಜೆ ದಿನಾನೂ ಇಲ್ಲೇ ಬಂದು ಬಿದ್ದಿರ್ಲಾ? ಚೆನ್ನಾಗಿದೆ ಕಣ್ರೀ ನಿಮ್ಮ ನ್ಯಾಯ!"

ಆದರೂ ಸಾಲಿನಲ್ಲಿ ನಿಂತವರು ಸಿನಿಮಾ ಹೇಗಿದೆ ಎಂದು ಕೇಳುವುದು ಅಕ್ಕನನ್ನೇ. ಅಕ್ಕನದು ಮುಚ್ಚುಮರೆಯಿಲ್ಲದ ಬಾಯಿ. "ಹೊಡೆದಾಟದ್ದು ನಂಗಾಗಲ್ಲಪ್ಪ. ಅವರು ಅಲ್ಲಿ ಗಾಜು ಒಡೀತಾರೆ, ಇವರು ಇಲ್ಲಿ ಪಾಪ್‌ಕಾರ್ನ್ ತೂರ್ತಾರೆ. ಆ ಗಾಜು ಯಾರು ಗುಡಿಸ್ತಾರೋ ಗೊತ್ತಿಲ್ಲ, ಇದನ್ನಂತೂ ನಾನೇ ಗುಡಿಸ್ಬೇಕು." ಪ್ರೇಮಕಥೆಯೋ? "ಕೊನೇಲಿ ಅಷ್ಟು ದೂರದಿಂದ ಓಡಿ ಬಂದು ತಬ್ಕೋತಾರೆ. ಮೊದಲೇ ಬಾಯ್ಬಿಟ್ಟು ಒಂದು ಮಾತು ಆಡಿದ್ರೆ ಇಬ್ರಿಗೂ ಏದುಸಿರು ತಪ್ತಿತ್ತು." ಮ್ಯಾನೇಜರ್ ದೂರದಲ್ಲೇ ಕೆಮ್ಮುತ್ತಾನೆ. ಅಕ್ಕ ಕೇಳಿಸಿಕೊಳ್ಳುವುದಿಲ್ಲ.

ಎಲ್ಲರಂತೆ ನಾಯಕನ ಪರ ವಹಿಸುವುದು ಮಾತ್ರ ಅಕ್ಕನ ಕೈಲಾಗದು. ಅವರ ಕರುಳು ಚುರುಕ್ ಎನ್ನುವುದು ವಿಲನ್‌ಗಾಗಿ. "ನಾನು ಒಳಗೆ ಬರೋ ಹೊತ್ತಿಗೆ ಪಾಪ ಅವನು ಒದೆ ತಿಂತಾ ಇರ್ತಾನೆ. ಏನು ಮಾಡಿದ್ನೋ ನಂಗೇನು ಗೊತ್ತು? ಅಂಗಿ ಹರಿದಿರುತ್ತೆ, ಮೂಗಲ್ಲಿ ರಕ್ತ. ಆ ಹೀರೋಗೆ ನೋಡಿದ್ರೆ ಕೂದಲೂ ಕೊಂಕಿಲ್ಲ. ಒಬ್ಬನನ್ನ ಹೀಗಾ ಬಡಿಯೋದು?" ಗೇಟಿನವನು ಹೊಟ್ಟೆ ಹಿಡಿದುಕೊಂಡು ನಗುತ್ತಾನೆ. ನಗಲಿ ಬಿಡಿ. ಹನ್ನೆರಡು ವರ್ಷ ಬರೀ ಏಟು ಬೀಳುವುದನ್ನೇ ನೋಡಿದರೆ ಯಾರಿಗಾದರೂ ಹಾಗೇ ಅನಿಸೀತು.

ಚಿತ್ರಮಂದಿರದ ಹಿಂದಿನ ಓಣಿಯಲ್ಲಿ, ನೆಲಮಹಡಿಯ ಒಂದೇ ಕೋಣೆಯಲ್ಲಿ ಅಕ್ಕನ ಸಂಸಾರ. ಗಂಡ ದೂರದೂರಿಗೆ ಲಾರಿ ಓಡಿಸುವವನು, ಮನೆಯಲ್ಲಿರುವುದು ಅಪರೂಪ. ಉಳಿದವರು ಅಕ್ಕ ಮತ್ತು ಅವರ ಅತ್ತೆ. ಇಬ್ಬರದೂ ಎಣ್ಣೆ-ಸೀಗೆಕಾಯಿ ಸಂಬಂಧ. ಒಲೆ ಉರಿ ಜಾಸ್ತಿಯಾದರೂ ಜಗಳ, ಕಮ್ಮಿಯಾದರೂ ಜಗಳ. ಆಮೇಲೆ ಜಗಳವೂ ನಿಂತು ಮೌನ ಶುರುವಾಯಿತು. ಅದು ಜಗಳಕ್ಕಿಂತ ಕಷ್ಟ ಎನ್ನುತ್ತಾರೆ ಅಕ್ಕ.

ಎರಡು ವರ್ಷದ ಹಿಂದೆ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ಹಾಸಿಗೆ ಹಿಡಿದವರಿಗೆ ದಿನವಿಡೀ ಗೋಡೆಯೇ ಗತಿ. ಒಂದು ಸಂಜೆ, ಆಟದ ನಡುವಿನ ಬಿಡುವಿನಲ್ಲಿ ಅಕ್ಕ ಮನೆಗೆ ಬಂದಾಗ, ಅವರೇ ಬಾಯಿಬಿಟ್ಟರು. "ಏನು ಸಿನಿಮಾನೇ ಅದು, ಅಷ್ಟೊಂದು ಜನ ಗಲಾಟೆ ಮಾಡ್ತಿದ್ರು?" ಅಕ್ಕ ಕೊನೆಯ ಹೊಡೆದಾಟವನ್ನು ಹೇಳಿದರು. "ಅದಕ್ಕೆ ಮೊದಲು ಏನಾಯ್ತು?" ಎಂದರು ಅತ್ತೆ. ನೋಡಿಲ್ಲ ಎಂದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅಕ್ಕನ ಬಾಯಿಂದ ತಾನಾಗಿ ಒಂದು ಕಥೆ ಬಂತು. ಆ ಕಥೆಯಲ್ಲಿ ವಿಲನ್ ಒಳ್ಳೆಯವನು, ಅವನ ಗ್ರಹಚಾರವೇ ಕೆಟ್ಟದ್ದು. ಮರುದಿನ ಅತ್ತೆ ಗಂಜಿ ಕುಡಿಯುವ ಮೊದಲೇ ಕೇಳಿದರು, "ಹೂಂ, ಆಮೇಲೆ?"

ಅಂದಿನಿಂದ ಒಂದು ಸಂಜೆಯೂ ತಪ್ಪಿಲ್ಲ. ಸಿನಿಮಾ ಬದಲಾದಂತೆ ಕಥೆಯೂ ಬದಲು. ಕೊನೆ ಸಿನಿಮಾದವರದು, ಮೊದಲು ಅಕ್ಕನದು. ಹೇಳುವವರ ಕೈ ಅತ್ತೆಯ ಕಾಲಿಗೆ ಎಣ್ಣೆ ತಿಕ್ಕುತ್ತಿರುತ್ತದೆ, ಕೇಳುವವರು ನೋವು ಮರೆತಿರುತ್ತಾರೆ. ನಿಧಾನಕ್ಕೆ ಅತ್ತೆ ಎದ್ದು ಕೂತರು, ಕೋಲು ಹಿಡಿದು ನಿಂತರು, ಬಾಗಿಲವರೆಗೆ ನಡೆದರು.

ಪೇಚಾಟ ಶುರುವಾದದ್ದು ಕಳೆದ ತಿಂಗಳು. ಹೊಸ ಸಿನಿಮಾ ಭರ್ಜರಿಯಾಗಿ ಓಡುತ್ತಿತ್ತು. ಖುಷಿಯಲ್ಲಿದ್ದ ಮಾಲೀಕರು ಕೆಲಸದವರ ಮನೆಮಂದಿಗೆಲ್ಲ ಒಂದು ಆಟ ಪುಕ್ಕಟೆ ಎಂದುಬಿಟ್ಟರು. ಸುದ್ದಿ ತಿಳಿದ ಅತ್ತೆ ಕೋಲು ಕುಟ್ಟಿದರು, "ನಾನೂ ಬರ್ತೀನಿ." ಆ ಸಿನಿಮಾದ ಕಥೆ ಆಗಲೇ ಮನೆಯಲ್ಲಿ ಹೇಳಿಯಾಗಿತ್ತು! "ಗುಟ್ಟು ರಟ್ಟಾದ್ರೆ ಅತ್ತೆ ಬೈತಾರೆ ಅಂತ ಹೆದರಿಕೆ ಇರ್ಲಿಲ್ಲ. ಬೈಸ್ಕೊಂಡು ಅಭ್ಯಾಸ ಇದೆ. ಮತ್ತೆ ಮಾತು ಬಿಟ್ಟುಬಿಟ್ರೆ? ಆ ಮನೇಲಿ ಸಂಜೆ ಹೊತ್ತು ನಾನೇನು ಮಾಡ್ಲಿ?"

ಕೆಳಗಿನ ಸಾಲಿನ ಅಂಚಿನ ಎರಡು ಸೀಟು. ಅಕ್ಕ ಹನ್ನೆರಡು ವರ್ಷದಲ್ಲಿ ಮೊದಲ ಸಲ ಒಂದು ಸಿನಿಮಾದ ಶುರು ನೋಡಿದರು. ಅವರ ಕಥೆಯಲ್ಲಿ ಇರುವೆಗೂ ನೋವು ಮಾಡದ ಆ ವಿಲನ್, ಪರದೆಯ ಮೇಲೆ ಬಂದವನೇ ಒಂದು ಬಡ ಸಂಸಾರವನ್ನು ಬೀದಿಗೆಳೆದು ಅವರ ಗುಡಿಸಲಿಗೆ ಬೆಂಕಿ ಇಟ್ಟ. ಅಕ್ಕ ಓರೆಗಣ್ಣಲ್ಲಿ ಅತ್ತೆಯನ್ನು ನೋಡಿದರು. ಅತ್ತೆ ಪರದೆಯಿಂದ ಕಣ್ಣು ಕೀಳಲಿಲ್ಲ.

ಮಧ್ಯಂತರದಲ್ಲಿ ದೀಪ ಹತ್ತಿತು. ಅಕ್ಕ ತಲೆ ತಗ್ಗಿಸಿಯೇ ಹೇಳಿದರು, "ಅತ್ತೇ, ನಾನು ಒಂದು ಸಿನಿಮಾದ ಮೊದಲೂ ನೋಡಿಲ್ಲ. ನಿಮಗೆ ಹೇಳಿದ್ದೆಲ್ಲ ನಾನೇ ಕಟ್ಟಿದ್ದು."

"ಗೊತ್ತು."

"ಗೊತ್ತಾ? ಯಾವಾಗಿಂದ?"

"ಎಲ್ಲಾ ವಿಲನ್ನಿಗೂ ಮನೇಲಿ ಕಾಲು ಮುರಿದ ತಾಯಿ. ಮೀಸೆ ಇದ್ದೋನಿಗೂ, ಇಲ್ದೋನಿಗೂ. ಅವಳ ಬಾಯೋ, ಥೇಟ್ ನನ್ನ ಬಾಯಿ. ನಾನೇನು ಅಷ್ಟು ಪೆದ್ದಿನಾ?"

"ಮತ್ಯಾಕೆ ಸುಮ್ನಿದ್ರಿ?"

ಅತ್ತೆ ಕೋಲನ್ನು ಮಂಡಿಗಳ ನಡುವೆ ಸರಿಮಾಡಿಕೊಂಡರು. "ಡಾಕ್ಟರು ನಡೆಯೋದು ಕಷ್ಟ ಅಂದಿದ್ರು. ನಿನ್ನ ಕಥೇಲಿ ಆ ಮುದುಕಿ ಸಿನಿಮಾಗೊಂದು ಹೆಜ್ಜೆ ಇಡ್ತಿದ್ಲು. ಕೇಳ್ತಾ ಕೇಳ್ತಾ ನಂಗೂ ಹಟ ಬಂತು."

ಅಕ್ಕನಿಗೆ ಅಳು ಉಕ್ಕಿ ಬಂತು. "ಥೂ, ಮೂಗೊರೆಸ್ಕೋ," ಎಂದರು ಅತ್ತೆ. "ಸೀಟು ಕೊಳೆಯಾದ್ರೆ ನಾಳೆ ನೀನೇ ಒರೆಸ್ಬೇಕು."

ಕೊನೆಯ ಹತ್ತು ನಿಮಿಷ ಬರುತ್ತಲೇ ಅಕ್ಕ ಅಭ್ಯಾಸಬಲದಿಂದ ಪೊರಕೆಗೆಂದು ಎದ್ದು ನಿಂತರಂತೆ. ಅತ್ತೆ ಕೈ ಹಿಡಿದು ಕೂರಿಸಿದರು. ವಿಲನ್‌ಗೆ ಏಟು ಬೀಳತೊಡಗಿತು. "ಬೆಂಕಿ ಇಟ್ಟೋನು, ತಿನ್ನಲಿ ಬಿಡು," ಎಂದರು ಅತ್ತೆ. ಅಕ್ಕ ಇವತ್ತಿಗೂ ಒಪ್ಪುವುದಿಲ್ಲ. "ತಪ್ಪು ಮಾಡಿದ್ದಾನೆ, ಸರಿ. ಆದ್ರೂ ಅಷ್ಟು ಹೊತ್ತು ಹೊಡೀಬಾರ್ದಿತ್ತು."

ಈ ಸಂಗತಿ ಕಿವಿಗೆ ಬಿದ್ದ ಮೇಲೆ ಮ್ಯಾನೇಜರ್‌ಗೂ ಮನಸ್ಸು ಕರಗಿದೆ. ಹೊಸ ಸಿನಿಮಾ ಬಂದಾಗ ಮೊದಲ ಅರ್ಧ ಗಂಟೆ ಒಳಗೆ ಕೂತು ನೋಡಬಹುದು ಎಂದಿದ್ದಾನೆ. ಅಕ್ಕ ಬಾಲ್ಕನಿಯ ಮೆಟ್ಟಿಲು ಒರೆಸುತ್ತಲೇ ತಲೆಯಾಡಿಸುತ್ತಾರೆ, "ಬೇಡಪ್ಪ. ಶುರು ಗೊತ್ತಾಗಿಬಿಟ್ರೆ ನಂಗೆ ಹೇಳೋಕೆ ಏನು ಉಳಿಯುತ್ತೆ?"

ಈ ಮೆಟ್ಟಿಲುಗಳನ್ನು ಅವರು ಈಚೆಗೆ ಎರಡೆರಡು ಸಲ ಒರೆಸುತ್ತಾರೆ, ಎಲ್ಲೂ ಜಾರಬಾರದು ನೋಡಿ. ಕೇಳಿದರೆ ಬಟ್ಟೆ ಹಿಂಡುತ್ತಾ ನಗುತ್ತಾರೆ.

"ಅತ್ತೆ ನಿನ್ನೆ ಹುಕುಂ ಮಾಡಿದ್ದಾರೆ. ಈ ಸಿನಿಮಾದಲ್ಲಿ ಆ ಮುದುಕಿ ಮೆಟ್ಟಿಲು ಹತ್ತಬೇಕಂತೆ."