ಲೂಸು ನಾನಲ್ಲ, ಸ್ಕರ್ಟು

ಮೇಷ್ಟ್ರು ಒಂದು ಬೆಳಿಗ್ಗೆ ಹಲ್ಲುಜ್ಜಿ ಬಂದು ಕುರ್ಚಿಯಲ್ಲಿ ಕುಳಿತರು. ಮತ್ತೆ ಏಳಲಿಲ್ಲ. ಅಷ್ಟೇ. ಕಾಯಿಲೆ ಇಲ್ಲ, ಕಸಾಲೆ ಇಲ್ಲ, ಹೇಳಿಹೋಗುವ ಮಾತೂ ಇಲ್ಲ. ಬಂದವರು ಬಂದರು, ಅತ್ತವರು ಅತ್ತರು, ಹೋದರು. ಮನೆಯಲ್ಲಿ ಅವರ ಹೆಂಡತಿ ಟೈಲರಮ್ಮ ಉಳಿದಳು, ಅವಳ ಹೊಲಿಗೆ ಮಿಷನ್ನು ಉಳಿಯಿತು, ಮುಂದಿನ ಕೋಣೆಯಲ್ಲಿ ಆ ಕುರ್ಚಿ ಉಳಿಯಿತು.

ಉಳಿದದ್ದು ಇನ್ನೂ ಒಂದಿತ್ತು. ಅದು ಒಂದು ಸಂಜೆ ಬಾಗಿಲಲ್ಲಿ ಬಂದು ನಿಂತಿತು. ಕಡ್ಡಿಯಂಥ ಮೈ, ಮೇಲೆ ದುಂಡನೆಯ ತಲೆ. ಪಕ್ಕದ ಬೀದಿಯ ನರ್ಸಮ್ಮನ ಮಗಳು. ಮೇಷ್ಟ್ರ ಹತ್ತಿರ ಇಂಗ್ಲಿಷು ಕಲಿಯಲು ಬಂದ ಮೊದಲ ದಿನವೇ ಟೈಲರಮ್ಮ ಅವಳಿಗೆ ಗುಂಡುಸೂಜಿ ಎಂದು ಹೆಸರಿಟ್ಟಿದ್ದಳು. ಹುಡುಗಿಯ ಹಿಂದೆಯೇ ನರ್ಸಮ್ಮ ಏದುಸಿರು ಬಿಡುತ್ತ ಬಂದಳು.

"ಅಕ್ಕಾ, ಕ್ಲಾಸಿಗೆ ಹೊತ್ತಾಯ್ತು ಅಂತ ಚಪ್ಪಲಿ ಹಾಕ್ಕೊಂಡು ಬಂದೇಬಿಟ್ಟಳು. ಸರ್ ಇಲ್ಲ ಕಣೇ ಅಂದ್ರೆ ತಲೆಗೇ ಹಾಕ್ಕೊಳ್ತಿಲ್ಲ. ಅವತ್ತಿಂದ ಇಂಗ್ಲಿಷಿರಲಿ, ಮನೆಮಾತೂ ಸರಿಯಾಗಿ ಆಡ್ತಿಲ್ಲ. ಬೇರೆ ಎಲ್ಲಾದ್ರೂ ಕ್ಲಾಸಿಗೆ ಸೇರಿಸ್ಬೇಕು."

ವಿಷಯ ಟೈಲರಮ್ಮನಿಗೆ ಗೊತ್ತಿತ್ತು. ನರ್ಸಮ್ಮನ ಆಸ್ಪತ್ರೆಯ ಗೋಡೆಗೆ ಅಂಟಿಕೊಂಡೇ ಒಂದು ಶಾಲೆ. ಅಲ್ಲಿ ಸೀಟು ಸಿಕ್ಕರೆ ಮಗಳು ಶಾಲೆ ಬಿಟ್ಟಮೇಲೆ ಅಮ್ಮನ ಕಣ್ಣೆದುರೇ ಇರಬಹುದು. ಸಿಗದಿದ್ದರೆ ಬೇರೆ ಊರಿನ ದೊಡ್ಡಮ್ಮನ ಮನೆಗೆ ಹೋಗಬೇಕು. ಪಾಳಿಯ ಕೆಲಸ, ಮನೆಯಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲ. ಸೀಟು ಬೇಕಾದರೆ ಅಲ್ಲಿನ ಹೆಡ್ ಮೇಡಂ ಎದುರು ಕುಳಿತು ಇಂಗ್ಲಿಷಿನಲ್ಲಿ ಮಾತಾಡಬೇಕು. ಹಿಂದಿನ ಸಲ ಹುಡುಗಿ ಬಾಯಿಗೆ ಬೀಗ ಹಾಕಿಕೊಂಡು ಕುಳಿತು ಎದ್ದು ಬಂದಿದ್ದಳು. ಇನ್ನು ಉಳಿದಿರುವುದು ಒಂದೇ ಅವಕಾಶ.

"ಬೇರೆ ಎಲ್ಲೂ ಬೇಡ," ಎಂದಳು ಟೈಲರಮ್ಮ. "ನಾನು ಮಾಡ್ತೀನಿ."

"ಅಕ್ಕಾ, ತಪ್ಪು ತಿಳ್ಕೋಬೇಡಿ. ನೀವು ಓದಿರೋದು..."

"ನಾಲ್ಕನೇ ಕ್ಲಾಸು. ನನಗೆ ಗೊತ್ತಿಲ್ವಾ? ಒಳಗೆ ಬಾರೇ, ಗುಂಡುಸೂಜಿ."

ಹೇಳಿದ್ದೇನೋ ಹೇಳಿದಳು. ಕೈಯಲ್ಲಿ ಬಂಡವಾಳ ಇರಲಿಲ್ಲ. ಇದ್ದದ್ದೆಲ್ಲ ಕೇಳಿಸಿಕೊಂಡದ್ದು. ಮುಂದಿನ ಕೋಣೆಯಲ್ಲಿ ಮೇಷ್ಟ್ರು ಪಾಠ ಮಾಡುವಾಗ ಒಳಗೆ ಅವಳ ಮಿಷನ್ನು ಓಡುತ್ತಿತ್ತು. ನಿಂತಾಗ ಕೇಳುತ್ತಿತ್ತು, ಓಡುವಾಗ ಇಲ್ಲ. ಹಾಗಾಗಿ ಅವಳ ಇಂಗ್ಲಿಷು ತುಂಡುಬಟ್ಟೆಯ ಗಂಟಿನಂತೆ. ಒಂದಕ್ಕೊಂದು ಸೇರದು.

ಮೇಷ್ಟ್ರೂ ಶಾಲೆಯ ಮೇಷ್ಟ್ರಲ್ಲ. ವಸತಿ ಹೋಟೆಲೊಂದರ ಕೌಂಟರಿನ ಹಿಂದೆ ಆಯುಷ್ಯ ಕಳೆದವರು. ಬಂದವರ ಜೊತೆ ಆಡಿ ಆಡಿ ಕಲಿತ ಭಾಷೆ. ಕೆಲಸ ಬಿಟ್ಟಮೇಲೆ ಮಕ್ಕಳಿಗೆ ಮಾತು ಕಲಿಸಲು ಕುಳಿತರು. ಒಂದು ಹೊತ್ತಿಗೆ ಒಂದೇ ಮಗು. "ಪುಸ್ತಕ ಮುಚ್ಚು, ಬಾಯಿ ಬಿಚ್ಚು" ಎನ್ನುವುದು ಅವರ ಮಂತ್ರ. ಬೇಕೆಂದೇ ತಪ್ಪು ಆಡುತ್ತಿದ್ದರು. ಬೆಕ್ಕನ್ನು ನಾಯಿ ಎನ್ನುತ್ತಿದ್ದರು, ನಿನ್ನೆಯನ್ನು ನಾಳೆ ಎನ್ನುತ್ತಿದ್ದರು. ಚಪ್ಪಲಿ ಬಚ್ಚಿಟ್ಟು ಹುಡುಕಿಸುತ್ತಿದ್ದರು. ಮಗು "ನೋ, ನೋ!" ಎಂದು ಮೇಲೆ ಬೀಳುತ್ತಿತ್ತು.

"ಇಷ್ಟು ವರ್ಷ ಕಲಿಸಿ ಇನ್ನೂ ನಿಮಗೇ ಬರಲ್ವಲ್ರೀ," ಎಂದು ಟೈಲರಮ್ಮ ಒಳಗಿನಿಂದ ಚುಚ್ಚುತ್ತಿದ್ದಳು.

"ಸರಿಯಾದದ್ದು ಹೇಳೋಕೆ ಮಕ್ಕಳು ಹೆದರ್ತಾರೆ ಕಣೇ. ಇನ್ನೊಬ್ಬರ ತಪ್ಪು ಹಿಡಿಯೋಕೆ ಹೆದರಲ್ಲ," ಎನ್ನುತ್ತಿದ್ದರು ಅವರು.

ಈ ಮಾತು ಅವಳಿಗೆ ಆಗ ನೆನಪಿಗೆ ಬರಲಿಲ್ಲ. ಮೊದಲ ಸಂಜೆ ಟೈಲರಮ್ಮ ಗಟ್ಟಿಯಾಗಿ ಕುಳಿತು ಕತ್ತರಿ ಎತ್ತಿ ಹಿಡಿದಳು. "ವಾಟ್ ಈಸ್ ದಿಸ್?"

ಹುಡುಗಿ ಕತ್ತರಿ ನೋಡಿದಳು. ಅವಳ ಮುಖ ನೋಡಿದಳು. ಮಾತಿಲ್ಲ.

ದಾರ ತೋರಿಸಿದಳು. ಟೇಪು ತೋರಿಸಿದಳು. ಗೋಡೆಗೆ ಮಾತಾಡಿದಂತೆ. ಮರುದಿನವೂ ಅದೇ. ಅದರ ಮರುದಿನ ಗುಂಡುಸೂಜಿ ಆಕಳಿಸಿದಳು. ಟೈಲರಮ್ಮನಿಗೆ ಸಿಟ್ಟು ನೆತ್ತಿಗೇರಿತು.

"ಗೊತ್ತಿದ್ರೂ ಯಾಕೆ ಹೇಳಲ್ಲ?"

"ನಿಮಗೂ ಗೊತ್ತಲ್ಲ ಅಜ್ಜಿ," ಎಂದಳು ಹುಡುಗಿ ಮೆಲ್ಲಗೆ. "ಮತ್ತೆ ಯಾಕೆ ಕೇಳ್ತೀರಾ?"

ಅವಳು ಹೇಳಿದ್ದು ಸರಿಯೇ. ಟೈಲರಮ್ಮ ಎದ್ದು ಮಿಷನ್ನಿನ ಮುಂದೆ ಕುಳಿತಳು. ಹೊಲಿಗೆ ಬೀಳಲಿಲ್ಲ. ಬಟ್ಟೆಯಲ್ಲಿ ಬರೀ ತೂತು. ಬಗ್ಗಿ ನೋಡಿದರೆ ಕೆಳಗೆ ಬಾಬಿನ್ ಖಾಲಿ. ಮೇಲಿನ ದಾರ ಎಷ್ಟು ಓಡಿದರೇನು, ಕೆಳಗಿನ ದಾರ ಬಂದು ಹಿಡಿದುಕೊಳ್ಳದಿದ್ದರೆ ಅದು ಹೊಲಿಗೆಯಲ್ಲ. ಬಾಬಿನ್ನಿಗೆ ದಾರ ಸುತ್ತುತ್ತ ಅವಳು ಒಂದು ತೀರ್ಮಾನಕ್ಕೆ ಬಂದಳು. ಮೇಷ್ಟ್ರು ಗೊತ್ತಿಲ್ಲದವರಂತೆ ನಟಿಸಬೇಕಿತ್ತು. ತನಗೆ ಆ ಕಷ್ಟವಿಲ್ಲ. ನಿಜವಾಗಿಯೂ ಗೊತ್ತಿಲ್ಲ.

ಮರುದಿನ ಹುಡುಗಿ ಶಾಲೆಯ ಬಟ್ಟೆಯಲ್ಲೇ ಬಂದಳು. ಸ್ಕರ್ಟು ಸೊಂಟದಿಂದ ಜಾರುತ್ತಿತ್ತು. ಒಂದು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು. ಟೈಲರಮ್ಮ ಅದರ ಕಡೆ ಬೆರಳು ತೋರಿಸಿ, ತನಗೆ ಬಂದ ಇಂಗ್ಲಿಷಿನಲ್ಲಿ ಖಡಕ್ಕಾಗಿ ಹೇಳಿದಳು:

"ಯೂ ಲೂಸ್!"

ಹುಡುಗಿಯ ಕಣ್ಣು ಅಗಲವಾಯಿತು. ಬೀದಿಯಲ್ಲಿ ತಲೆ ಕೆಟ್ಟವರನ್ನು ಕರೆಯುವ ಮಾತು ಅದು. ಆಮೇಲೆ ಸೊಂಟದ ಕಡೆ ನೋಡಿಕೊಂಡಳು. ಒಳಗಿನಿಂದ ನಗು ಉಕ್ಕಿ ಬಂತು.

"ನೋ, ಅಜ್ಜಿ! ಐ ಆಮ್ ನಾಟ್ ಲೂಸ್! ಸ್ಕರ್ಟ್! ಮೈ ಸ್ಕರ್ಟ್ ಈಸ್ ಲೂಸ್!"

"ಹೌದಾ? ಹಾಗಾದ್ರೆ ಕೊಡು. ಐ ಮೇಕ್ ಯೂ ಟೈಟ್."

ಹುಡುಗಿ ನೆಲದ ಮೇಲೇ ಕುಳಿತುಬಿಟ್ಟಳು. "ಅಜ್ಜೀ, ಟೈಟ್ ಅಂದ್ರೆ ಕುಡಿದು ತೂರಾಡೋರು!"

"ಅಯ್ಯೋ ನಿನ್ನ! ನಾನು ಹೇಳಿದ್ದು ಫಿಟ್ಟಿಂಗು!"

ಬಹಳ ದಿನದ ಮೇಲೆ ಆ ಕೋಣೆಯಲ್ಲಿ ನಗು ಕೇಳಿತು. ಟೈಲರಮ್ಮನೂ ನಕ್ಕಳು. ನಕ್ಕದ್ದಕ್ಕೆ ಕುರ್ಚಿಯ ಕಡೆ ಒಮ್ಮೆ ನೋಡಿದಳು. ಆಮೇಲೆ ಸ್ಕರ್ಟು ಹಿಡಿದು ಹೊಲಿಯಲು ಕುಳಿತಳು.

ಅಲ್ಲಿಂದ ದಾರಿ ಸಿಕ್ಕಿತು. ಅವಳು ಕೇಳುವುದು, ಹುಡುಗಿ ತಿದ್ದುವುದು. ಗಿರಾಕಿ ಜಗಳಕ್ಕೆ ಬಂದರೆ ಇಂಗ್ಲಿಷಿನಲ್ಲಿ ಏನನ್ನಬೇಕು? ಗುಂಡುಸೂಜಿ ಗಿರಾಕಿಯಾದಳು, ಸೊಂಟಕ್ಕೆ ಕೈಯಿಟ್ಟು ಬೈದಳು. ಟೈಲರಮ್ಮ ತಡವರಿಸಿದಳು. "ಅಜ್ಜಿ, ನಿಮಗೆ ತಲೇಲಿ ಏನೂ ನಿಲ್ಲಲ್ಲ," ಎಂದು ಬೈಸಿಕೊಂಡಳು. ಆಟ ಹಳೆಯದಾಯಿತು ಎನಿಸಿದರೆ ಬದಲಾಯಿಸಿದಳು. ಹುಡುಗಿಯ ಕಣ್ಣು ಕಿಟಕಿಯತ್ತ ಹೋದರೆ ಪಾಠವೂ ಕಿಟಕಿಗೇ ಹೋಯಿತು. ಹೊರಗೆ ಹೋಗುವವರು ಎಲ್ಲಿಗೆ ಹೋಗುತ್ತಿದ್ದಾರೆ, ಯಾಕೆ ಅವಸರ, ಹೆಂಡತಿಯ ಜೊತೆ ಜಗಳವಾಯಿತೋ ಏನೋ, ಎಲ್ಲ ಹುಡುಗಿ ಇಂಗ್ಲಿಷಿನಲ್ಲಿ ಕಥೆ ಕಟ್ಟಿ ಹೇಳಬೇಕು. ಕೆಲವು ಸಂಜೆ ಏನೂ ನಡೆಯಲಿಲ್ಲ. ಹುಡುಗಿ ಮುಖ ಊದಿಸಿಕೊಂಡು ಕೂರುತ್ತಿದ್ದಳು. "ನಾಳೆ ಬಾ" ಎನ್ನುತ್ತಿದ್ದಳು ಟೈಲರಮ್ಮ. ನಾಳೆ ಬರುತ್ತಿದ್ದಳು.

ಒಂದು ದಿನ ಚಪ್ಪಲಿ ಹುಡುಕುವ ಆಟ. ಟೈಲರಮ್ಮ ತನ್ನ ಚಪ್ಪಲಿಯನ್ನು ಮಿಷನ್ನಿನ ಹಿಂದೆ ಬಚ್ಚಿಟ್ಟಿದ್ದಳು. ಹುಡುಗಿ ಮಂಚದ ಕೆಳಗೆ ನುಸುಳಿ ಬೇರೆಯೊಂದನ್ನು ಎಳೆದು ತಂದಳು. ದೊಡ್ಡದು. ಹಿಮ್ಮಡಿಯ ಕಡೆ ಸವೆದದ್ದು. ಇಬ್ಬರೂ ಅದನ್ನೇ ನೋಡಿದರು.

"ದಿಸ್ ವಾಸ್ ಹಿಸ್," ಎಂದಳು ಹುಡುಗಿ.

"ಹಿಸ್ ಗೊತ್ತು. ಅವರದು. ವಾಸ್ ಅಂದ್ರೇನು?"

"ಮುಂಚೆ ಇತ್ತು, ಈಗಿಲ್ಲ ಅಂತ."

"ಚಪ್ಪಲಿ ಇಲ್ಲೇ ಇದೆಯಲ್ಲೇ."

ಹುಡುಗಿ ಯೋಚಿಸಿದಳು. "ಹಾಗಾದ್ರೆ... ಈಸ್?"

"ಈಸ್ ಅನ್ನು."

"ದಿಸ್ ಈಸ್ ಹಿಸ್."

"ಸರಿ. ಎಲ್ಲಿತ್ತೋ ಅಲ್ಲೇ ಇಡು."

ಹೆಡ್ ಮೇಡಂ ಕರೆಸಿದ ದಿನ ನರ್ಸಮ್ಮನಿಗೆ ಪಾಳಿ ಬಿಡಲು ಆಗಲಿಲ್ಲ. ಟೈಲರಮ್ಮನೇ ಕರೆದುಕೊಂಡು ಹೋದಳು. ದೊಡ್ಡವರು ಹೊರಗೆ ಬೆಂಚಿನ ಮೇಲೆ ಕೂರಬೇಕು, ಮಗು ಒಬ್ಬಳೇ ಒಳಗೆ. ಬಾಗಿಲು ಅರ್ಧ ತೆರೆದಿತ್ತು. ಟೈಲರಮ್ಮ ಕಿವಿಯನ್ನು ಅಲ್ಲೇ ನೆಟ್ಟಳು.

ಮೇಡಂ ಹೆಸರು ಕೇಳಿದರು. ಹುಡುಗಿ ಹೇಳಿದಳು. ಆಮೇಲೆ ಮೇಡಂ ಯಾವುದೋ ಚಿತ್ರ ಎತ್ತಿ ಹಿಡಿದಿರಬೇಕು.

"ವಾಟ್ ಈಸ್ ದಿಸ್?"

ಮೌನ.

ಕತ್ತರಿಯ ಪ್ರಶ್ನೆ! ಗೊತ್ತಿದ್ದೂ ಕೇಳುವ ಪ್ರಶ್ನೆ! ದೊಡ್ಡಮ್ಮನ ಊರಿಗೆ ಬಸ್ಸು ಹೊರಟೇಬಿಟ್ಟಿತು ಎನಿಸಿತು ಟೈಲರಮ್ಮನಿಗೆ. ಎದ್ದು ನಿಂತಳು. ಒಳಗೆ ಹೋಗುವಂತಿಲ್ಲ. ಹಲ್ಲು ಕಚ್ಚಿ ಮತ್ತೆ ಕುಳಿತಳು. "ಬಾಯಿ ಬಿಚ್ಚೇ, ಗುಂಡುಸೂಜಿ," ಎಂದಳು ತನ್ನೊಳಗೇ.

ಒಳಗೆ ಕಾಗದ ಮಡಚುವ ಸದ್ದಾಯಿತು. ಆಗ ಸಣ್ಣ ದನಿ ಕೇಳಿತು.

"ಮೇಡಂ, ಯು ಆರ್ ನಾಟ್ ಲೂಸ್."

ಟೈಲರಮ್ಮ ಕಣ್ಣು ಮುಚ್ಚಿದಳು.

"ವಾಟ್?"

"ಯುವರ್ ಬಟನ್, ಮೇಡಂ. ಯುವರ್ ಬಟನ್ ಈಸ್ ಲೂಸ್. ಇಟ್ ವಿಲ್ ಫಾಲ್."

ಕುರ್ಚಿ ಕಿರುಗುಟ್ಟಿತು. ಮೇಡಂ ತಮ್ಮ ಸ್ವೆಟರು ನೋಡಿಕೊಂಡಿರಬೇಕು. "ಓ! ವಾಟ್ ಶಲ್ ಐ ಡು ನೌ?" ಎಂದರು. ಈ ಸಲ ಅವರಿಗೆ ನಿಜವಾಗಿಯೂ ಉತ್ತರ ಬೇಕಿತ್ತು.

ಹುಡುಗಿಯ ಬಾಯಿಯ ಬೀಗ ಬಿಚ್ಚಿತು. ಎಳೆಯಬೇಡಿ ಎಂದಳು, ಎಳೆದರೆ ಬಟ್ಟೆ ಹರಿಯುತ್ತದೆ ಎಂದಳು. ಕೆಳಗಿನ ದಾರ, ಮೇಲಿನ ದಾರ, ಲೂಸ್ ಎಂದರೆ ಅಜ್ಜಿ ಏನು ತಿಳಿದಿದ್ದರು, ಟೈಟ್ ಎಂದರೆ ಬೀದಿಯಲ್ಲಿ ಏನು ಅರ್ಥ, ಎಲ್ಲ ಇಂಗ್ಲಿಷಿನಲ್ಲಿ ಹರಿದು ಬಂತು. ಅರ್ಧ ತಪ್ಪಿತ್ತೋ ಏನೋ, ಟೈಲರಮ್ಮನಿಗೆ ತಿಳಿಯಲಿಲ್ಲ. ಮೇಡಂ ನಡುನಡುವೆ ಕೇಳುತ್ತಿದ್ದರು, ನಗುತ್ತಿದ್ದರು. ದಾರಕ್ಕೆ ದಾರ ಸಿಕ್ಕಿತ್ತು.

ಕೊನೆಗೆ ಮೇಡಂ ಸ್ವೆಟರು ಕೈಯಲ್ಲಿ ಹಿಡಿದು ಹೊರಗೆ ಬಂದರು. "ನಿಮ್ಮ ಹತ್ತಿರ ಸೂಜಿ ಇರುತ್ತೆ ಅಂತಿದ್ದಾಳೆ."

"ಇರುತ್ತೆ," ಎಂದಳು ಟೈಲರಮ್ಮ. ರವಿಕೆಯ ಕೊರಳಂಚಿನಿಂದ ದಾರ ಪೋಣಿಸಿದ ಸೂಜಿ ತೆಗೆದು ಅಲ್ಲೇ ಬೆಂಚಿನ ಮೇಲೆ ಗುಂಡಿ ಹೊಲಿದಳು. ದಾರ ಕಚ್ಚಿ ಕಡಿದು ಸ್ವೆಟರು ಕೊಟ್ಟಳು. "ನೌ ಟೈಟ್."

ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು.

"ಇವಳ ಅಮ್ಮನಿಗೆ ಬಂದು ಸೇರಿಸಿ ಹೋಗೋಕೆ ಹೇಳಿ," ಎಂದರು ಮೇಡಂ.

ಸಂಜೆ ಕ್ಲಾಸಿನ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ಗುಂಡುಸೂಜಿ. ಟೈಲರಮ್ಮ ಮಿಷನ್ನಿನಿಂದ ತಲೆ ಎತ್ತಿದಳು.

"ಸೀಟು ಸಿಕ್ತಲ್ಲೇ. ಇನ್ನೆಂಥ ಕ್ಲಾಸು?"

"ನನಗಲ್ಲ, ನಿಮಗೆ," ಎಂದಳು ಹುಡುಗಿ ಚಪ್ಪಲಿ ಬಿಡುತ್ತ. "ನಿಮಗೆ ಇನ್ನೂ ವಾಸ್ ಬರಲ್ಲ."

ಟೈಲರಮ್ಮ ಎದ್ದು ಮುಂದಿನ ಕೋಣೆಗೆ ಬಂದಳು. ಮೇಷ್ಟ್ರ ಆ ಕುರ್ಚಿಯನ್ನು ಎಳೆದುಕೊಂಡು ಕುಳಿತಳು.

"ಬರಲ್ಲ," ಎಂದಳು. "ಬಾ."